ಠಸ್ಸೆಯ ಮೇಲೆ ಕೂತ ಹಕ್ಕಿ

ಕಳವಲ್ಲ. ರೊಕ್ಕ ಕೊಟ್ಟೇ ತಗೊಂಡದ್ದು. ಆದರೂ ವಾಮನ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಯಾರೂ ನೋಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆಯೇ ಅದನ್ನು ಅಂಗಿಯ ಕಿಸೆಗೆ ಇಳಿಸಿದ.

ಅಂಗಡಿಯ ಬಂದೇನವಾಜ ಮಾತ್ರ ನೋಡುತ್ತಿದ್ದ.

"ಸರ್, ಅದು ನಿಮ್ಮದಲ್ಲಲ್ರಿ," ಅಂದ. "ಅದರ ಮ್ಯಾಲ ಠಸ್ಸಿನೇ ಇಲ್ಲ."

"ಗೊತ್ತದ."

"ಜಾವೀದಭಾಯಿಗಿ ಅಂತ ತೆಗದಿಟ್ಟಿದ್ದೆ. ಹಕ್ಕಿ ಎಲ್ಲಾ ಅವರವೇ ಅಲ್ಲೇನ್ರಿ?"

"ಇವತ್ತ ಜೇವರ್ಗಿಗೇ ಹೊಂಟೇನಿ. ನಾನೇ ಕೊಡ್ತೇನಿ ಬಿಡು."

ಆ ದಿನದ ಮೊದಲ ಸುಳ್ಳು. ಹೇಳಿ ಮುಗಿಸುವವರೆಗೂ ಅದು ಸುಳ್ಳೆಂದು ವಾಮನನಿಗೇ ಗೊತ್ತಿರಲಿಲ್ಲ.

ಆಳಂದದ ಬಸ್‌ಸ್ಟ್ಯಾಂಡಿನ ಹಿಂದಿರುವ ಆ ಅಂಗಡಿಯಲ್ಲಿ ನಿಂತ ಗಡಿಯಾರ, ಮೂಕ ರೇಡಿಯೋ, ನೆಗ್ಗಿದ ಹಿತ್ತಾಳೆ ತಂಬಿಗೆ, ಯಾರದೋ ಮದುವೆಯ ಕಪ್ಪು-ಬಿಳುಪು ಫೋಟೋ ಎಲ್ಲ ಸಿಗುತ್ತವೆ. ಫೋಟೋದಲ್ಲಿನ ಗಂಡು-ಹೆಣ್ಣು ಇನ್ನೂ ಗಾಬರಿಯಲ್ಲಿದ್ದಾರೆ. ಹಳೇ ಅಂಚೆ ಸಾಮಾನು ಬಂದರೆ ಬಂದೇನವಾಜ ಅದನ್ನು ಭೀಮಾತೀರ ಅಂಚೆಚೀಟಿ ಬಳಗದವರಿಗೆ ಎತ್ತಿಡುತ್ತಾನೆ. ಭೀಮಾತೀರ ಅಂದರೆ ಹೊರಗಿನವರಿಗೆ ಪಿಸ್ತೂಲು ನೆನಪಾಗುತ್ತದೆ. ಬಳಗದ ನಾಲ್ವರ ಕೈಯಲ್ಲಿರುವುದು ಚೀಟಿ ಎತ್ತುವ ಚಿಮಟಾ.

ನಾಲ್ವರಲ್ಲಿ ವಾಮನನ ಪಾಲು ಠಸ್ಸೆ.

ಅಂದರೆ ಅವನು ಅಂಚೆಚೀಟಿಯ ಚಿತ್ರ ನೋಡುವವನಲ್ಲ. ಚೀಟಿಯನ್ನು ಇನ್ನೊಮ್ಮೆ ಯಾರೂ ಬಳಸಬಾರದೆಂದು ಅಂಚೆಯವರು ಅದರ ನೆತ್ತಿಗೆ ಕುಟ್ಟುತ್ತಾರಲ್ಲ, ಊರ ಹೆಸರು, ತಾರೀಖು ಇರುವ ದುಂಡನೆಯ ಮಸಿ, ಅದನ್ನು ನೋಡುವವನು. ಅದರಲ್ಲೂ ನಿಜಾಮರ ಕಾಲದ್ದು. ಅದರಲ್ಲೂ ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕಿನದು. ಜಗತ್ತನ್ನು ಕಿರಿದು ಮಾಡುತ್ತ ಹೋದವನಿಗೆ ತಜ್ಞ ಅನ್ನುತ್ತಾರೆ. ವಾಮನ ತಜ್ಞ. ರದ್ದಾದದ್ದನ್ನೇ ಮುದ್ದು ಮಾಡುವ ತಜ್ಞ. ಸರಕಾರಿ ಕಾಲೇಜಿನಲ್ಲಿ ಇತಿಹಾಸ ಹೇಳುವ ಅವನನ್ನು ಹುಡುಗರು ಹಿಂದಿನಿಂದ 'ಠಸ್ಸಿ ಸರ್' ಅನ್ನುತ್ತಾರೆ. ಅವನಿಗೆ ಅದು ಗೊತ್ತು. ಒಳಗೊಳಗೇ ಹಿತ ಕೂಡ.

ಕಿಸೆಯಲ್ಲಿರುವುದು ಮೂರು ಮೂಲೆಯ ಚೀಟಿ. ಯಾವ ದೇಶದ್ದೋ. ಅಕ್ಷರ ಅವನು ಕಂಡದ್ದಲ್ಲ. ಬೆನ್ನಿಗೆ ಗೋಂದು ಹಾಗೇ ಇದೆ, ಯಾರ ನಾಲಿಗೆಯೂ ಮುಟ್ಟಿಲ್ಲ. ಮುಖದ ಮೇಲೆ ಒಂದು ಹಕ್ಕಿ. ಎದೆ ಕೆಂಪು, ಬೆನ್ನು ಹಸಿರು, ಬಾಲ ಚೀಟಿಯ ಅಂಚು ದಾಟಿ ಹೊರಗೆ ಹೋಗಲು ನೋಡುತ್ತಿದೆ. ಒಂದೇ ಕಣ್ಣು ಕಾಣುತ್ತದೆ. ಆ ಕಣ್ಣು ವಾಮನನನ್ನು ಓರೆಯಾಗಿ ನೋಡುತ್ತಿತ್ತು. ಅದರ ಮೈಮೇಲೆ ಯಾರೂ ಯಾವ ಊರಿನ ಹೆಸರನ್ನೂ ಕುಟ್ಟಿರಲಿಲ್ಲ.

ಬೇಕು ಅನಿಸಿತು. ಅಷ್ಟೇ. ಅವನಿಗೆ ಏನಾದರೂ ಹೀಗೆ, ಕಾರಣ ಕೊಡದೆ, ಬೇಕು ಅನಿಸಿ ಎಷ್ಟು ಕಾಲವಾಗಿತ್ತೋ.

ಮನೆಯಲ್ಲಿ ವಂದನಾ ಇಸ್ತ್ರಿ ಮಾಡುತ್ತಿದ್ದಳು. ಆಕೆ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ರವಿವಾರ ಮುಂದಿನ ಇಡೀ ವಾರದ ಸೀರೆಗಳನ್ನು ಸರಿಮಾಡಿ ಇಟ್ಟುಬಿಡುತ್ತಾಳೆ. ಮನೆಯಲ್ಲಿ ಎಲ್ಲವೂ ಹಾಗೇ, ಮೊದಲೇ ಮಡಚಿಟ್ಟದ್ದು.

"ಇಲ್ಲಿ ನೋಡು," ಅಂದ ವಾಮನ, ಕಿಸೆಗೆ ಕೈ ಹಾಕಿ.

"ಏನ್ರಿ?"

"ಒಂದು ಸಾಮಾನು."

"ನಿಮ್ಮ ಸಾಮಾನು ನನಗ ತಿಳಿಯಂಗಿಲ್ಲ ಬಿಡ್ರಿ," ಅಂದಳು, ಇಸ್ತ್ರಿಯಿಂದ ಕಣ್ಣೆತ್ತದೆ. "ಕೈ ಹಸಿ ಅದಾವ ಬ್ಯಾರೆ. ಮುಟ್ಟಿದ್ರ ಒದರ್ತೀರಿ."

ನಿಜ. ಮದುವೆಯಾದ ಹೊಸತರಲ್ಲಿ ಆಕೆ ಒಮ್ಮೆ ಒಂದು ಹಳೇ ಅಂಚೆ ಪಾಕೀಟನ್ನು ಬರಿಗೈಯಲ್ಲಿ ಎತ್ತಿ ಬೆಳಕಿಗೆ ಹಿಡಿದಿದ್ದಳು. ಯಾರು ಯಾರಿಗೆ ಬರೆದದ್ದೋ ನೋಡೋಣ ಎಂದು. ವಾಮನ ಒದರಿದ್ದ. ಆಮೇಲೆ ಆಕೆ ಕೇಳಲಿಲ್ಲ. ಅವನೂ ಆ ಪಾಕೀಟುಗಳ ಒಳಗಿನ ಕಾಗದ ಓದಿದವನಲ್ಲ. ಒಳಗೇನಾದರೂ ಉಳಿದಿದ್ದರೆ ತೆಗೆದು ಬದಿಗಿಡುತ್ತಾನೆ. ಉಬ್ಬಿದ ಪಾಕೀಟು ಆಲ್ಬಮ್ಮಿನಲ್ಲಿ ಚಪ್ಪಟೆಯಾಗಿ ಕೂಡುವುದಿಲ್ಲ. ಅವನ ಕಪಾಟಿನಲ್ಲಿರುವುದು ಮೂರು ತಾಲೂಕಿನ ಖಾಲಿ ಪಾಕೀಟುಗಳು. ಎಲ್ಲವೂ ತಲುಪಿವೆ. ಯಾವುದರಲ್ಲೂ ಏನೂ ಇಲ್ಲ.

"ಸಂಜಿಗಿ ಬರ್ತೀರಲ್ಲ?" ವಂದನಾ ಕೇಳಿದಳು.

"ನೋಡಬೇಕು."

"ಅಂದ್ರ?"

"ಬರ್ತೇನಿ."

ಇವತ್ತು ಜೇವರ್ಗಿಯ ಬಳಗದ ಸಭೆಗೆ ಒಯ್ಯಬೇಕಾದದ್ದು ಒಂದೇ ಪಾಕೀಟು, ಅಂದೋಲಾ ಎಂಬ ಊರಿನದು. ಅದರ ಹಿಂಬದಿಗೆ ಅಂದೋಲಾ ಅಂಚೆಯ ಜಾಂಭಳಿ, ಅಂದರೆ ನೇರಳೆ ಬಣ್ಣದ, ಠಸ್ಸೆ ಇದೆ. ಕಪ್ಪು ಮಸಿ ತೀರಿದ ಯಾವುದೋ ವಾರದಲ್ಲಿ ಯಾರೋ ಬರೆಯುವ ಶಾಯಿಯನ್ನೇ ಬಳಸಿ ಕುಟ್ಟಿದ್ದಿರಬೇಕು ಎಂದು ಬಳಗದ ನಂಬಿಕೆ. ಇಂಥದ್ದು ಇನ್ನೊಂದು ಯಾರ ಬಳಿಯೂ ಇಲ್ಲ. ನೀರು ಸೋಕಿದರೆ ಹೋಯಿತು. ಬರುವ ತಿಂಗಳು ಕಲಬುರಗಿಯಲ್ಲಿ ಪ್ರದರ್ಶನ. ಬಳಗದ ಹಿರಿಯರಾದ ಗೌಸಮೊಹಿದ್ದೀನ ಚಾಚಾ ಇವತ್ತು ಜೇವರ್ಗಿಯಲ್ಲಿ ಅದನ್ನು ಕೈಯಾರೆ ತೆಗೆದುಕೊಂಡು ಹೋಗಿ ಚೌಕಟ್ಟಿನ ನಟ್ಟನಡುವೆ ಕೂಡಿಸುವವರಿದ್ದರು. ಕೆಳಗೆ ವಾಮನನ ಹೆಸರು ಬರೆಯುವವರಿದ್ದರು.

ಪ್ಲಾಸ್ಟಿಕ್ ಚೀಲದಲ್ಲಿ ಅಂದೋಲಾದ ಪಾಕೀಟನ್ನು ಹಾಕಿ, ವಾಮನ ಒಂದು ಗಳಿಗೆ ನಿಂತ. ಆಮೇಲೆ ಚಿಮಟಾದಿಂದ ಹಕ್ಕಿಯನ್ನು ಎತ್ತಿ ಅದೇ ಚೀಲದೊಳಗೆ ಇಳಿಸಿದ. ಮುಖ ಹೊರಗೆ, ಗೋಂದು ಒಳಗೆ. ದಾರಿಯುದ್ದಕ್ಕೂ ನೋಡುತ್ತ ಹೋಗಬಹುದು. ಜೇವರ್ಗಿ ಬಂದಾಗ ತೆಗೆದು ಡೈರಿಯಲ್ಲಿಟ್ಟರಾಯಿತು.

ಗೋಂದಿರುವ ಚೀಟಿಯನ್ನು ಹಳೇ ಕಾಗದಕ್ಕೆ ತಾಗಿಸಿ ಇಡಬಾರದೆಂದು ಹೊಸಬರಿಗೆ ಮೊದಲ ದಿನ ಹೇಳುವವನು ವಾಮನನೇ.

ಕಲಬುರಗಿಯವರೆಗೆ ಕೂಡಲು ಜಾಗ ಸಿಕ್ಕಿತು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತ ಹೋದ. ಮೊಬೈಲಿನಲ್ಲಿ ಒಂದು ಫೋಟೋ ಹೊಡೆದರೆ ಅದು ಹಕ್ಕಿಯ ಹೆಸರು, ಗೋತ್ರ, ದೇಶ ಎಲ್ಲ ಹೇಳಿಬಿಡುತ್ತಿತ್ತು. ಹೊಡೆಯಲಿಲ್ಲ. ಅವನಿಗೆ ಜಗತ್ತಿನಲ್ಲಿ ಗೊತ್ತಿರುವುದೆಲ್ಲ ಗೊತ್ತಾಗಿಯೇ ಸತ್ತದ್ದು. ಇದೊಂದು ಗೊತ್ತಿಲ್ಲದೇ ಇರಲಿ.

ಕಲಬುರಗಿಯಲ್ಲಿ ಬಸ್ಸು ಬದಲಿಸಿದಾಗ ನಿಲ್ಲಲೂ ಜಾಗವಿರಲಿಲ್ಲ. ಮಳೆ ಬರುತ್ತೇನೆ ಬರುತ್ತೇನೆ ಎಂದು ಬಾರದೆ, ಆಕಾಶ ಮುಚ್ಚಿಕೊಂಡು ಸೆಕೆ ಕುದಿಯುತ್ತಿತ್ತು. ಸಾಮಾನು ಇಡುವ ಮೇಲಿನ ಹಲಗೆಯಲ್ಲಿ ಅವನ ಹೆಗಲಚೀಲದ ಮೇಲೆ ಯಾರೋ ಮೊಸರಿನ ಡಬ್ಬಿ ಇಟ್ಟರು.

"ಸ್ವಲ್ಪ ಆ ಕಡಿ ಇಡ್ರಿ," ಅಂದ ವಾಮನ.

"ಯಾಕ್ರಿ ಯಜಮಾನ್ರ, ಬಂಗಾರ ಅದ ಏನ್ರಿ ಚೀಲದಾಗ?" ಅಂದಳು ಡಬ್ಬಿಯ ಒಡತಿ. "ಮೊಸರ ಕಚ್ಚಂಗಿಲ್ಲ ಬಿಡ್ರಿ."

ಸುತ್ತಲಿನವರು ನಕ್ಕರು. ವಾಮನ ಚೀಲ ಕೆಳಗಿಳಿಸಿ, ಒಳಗಿನ ಪ್ಲಾಸ್ಟಿಕ್ ತೆಗೆದು ಅಂಗಿಯ ಗುಂಡಿ ಬಿಚ್ಚಿ ಎದೆಗೆ ಒತ್ತಿ ಇಟ್ಟುಕೊಂಡ. ಮೈಗಿಂತ ಸುರಕ್ಷಿತ ಜಾಗ ಯಾವುದು? ಮುಂದೆ ಒಬ್ಬ, ಹಿಂದೆ ಒಬ್ಬ, ನಡುವೆ ಅವನು. ಇಷ್ಟು ಜನರ ಮೈ ಅವನ ಮೈಗೆ ತಾಗಿ ವರ್ಷಗಳಾಗಿದ್ದವು. ಬೆವರು ಯಾರದೆಂದು ತಿಳಿಯದ ಹಾಗೆ ಇಳಿಯಿತು.

ಜೇವರ್ಗಿಯಲ್ಲಿ ಇಳಿದು, ಚಹಾದಂಗಡಿಯ ಹಿಂದೆ ನಿಂತು ಪ್ಲಾಸ್ಟಿಕ್ ತೆಗೆದ. ಚಿಮಟಾದಿಂದ ಹಕ್ಕಿಯ ಮೂಲೆ ಹಿಡಿದ.

ಬರಲಿಲ್ಲ.

ಇನ್ನೊಂದು ಮೂಲೆ ಹಿಡಿದ. ಪಾಕೀಟೂ ಜೊತೆಗೆ ಎದ್ದುಬಂತು. ಹಕ್ಕಿ ಅಂಟಿತ್ತು. ಸರಿಯಾಗಿ ಠಸ್ಸೆಯ ಮೇಲೆ. ಅಂದೋಲಾ ಪೂರ್ತಿ ಅದರ ಅಡಿಗಿತ್ತು, ಜಾಂಭಳಿ ಗೆರೆಯ ಒಂದು ಚೂರು ಮಾತ್ರ ಬಾಲದ ಹತ್ತಿರ ಇಣುಕುತ್ತಿತ್ತು. ದುಂಡನೆಯ ಠಸ್ಸೆಯ ಮೇಲೆ ಹಕ್ಕಿ ಮೊಟ್ಟೆಗೆ ಕಾವು ಕೂತ ಹಾಗೆ ಕೂತಿತ್ತು.

ವಾಮನನಿಗೆ ಮೊದಲು ಬಂದದ್ದು ಗಾಬರಿಯಲ್ಲ, ನಗು. ಚಹಾ ಸೋಸುತ್ತಿದ್ದವನು ತಿರುಗಿ ನೋಡಿದ.

ಒಂದು ಫೋನು ಸಾಕು. ಜ್ವರ ಬಂದದ, ಬರಲಾಗಲ್ಲ ಅಂತ. ಬೆರಳು ಗೌಸಮೊಹಿದ್ದೀನರ ಹೆಸರಿನ ತನಕ ಹೋಯಿತು. ಆಮೇಲೆ ಫೋನನ್ನು ಕಿಸೆಗೆ ಹಾಕಿ ಬಿರಬಿರನೆ ನಡೆದ.

ಜಾವೀದನ ಮೆಡಿಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಮೂವರೂ ಆಗಲೇ ಚುರಮುರಿ ಸುಸಲಾ ತಿಂದು ಮುಗಿಸಿದ್ದರು. ಅಫಜಲಪುರದಲ್ಲಿ ಅರಿವೆ ಅಂಗಡಿಯಿರುವ ಗೌಸಮೊಹಿದ್ದೀನ ಗೋಡೆಗೆ ಒರಗಿ ಕೂತಿದ್ದರು. ಅವರ ಪಾಲು ನಿಜಾಮರ ಚೀಟಿಗಳು. ವಕೀಲ ದೇವೀಂದ್ರಪ್ಪನ ಪಾಲು ಗಾಂಧಿ, ಯಾವ ದೇಶದ ಗಾಂಧಿಯಾದರೂ ಸರಿ. ಜಾವೀದನ ಪಾಲು ಹಕ್ಕಿ.

ಪಾಲು ಅಂದರೆ ಪಾಲು. ತನ್ನದಲ್ಲದ್ದಕ್ಕೆ ಯಾರೂ ಕೈ ಹಾಕಬಾರದು. ಕೈಗೆ ಬಂದರೂ ಆ ಪಾಲಿನವನ ಮುಂದೆ ಇಟ್ಟು, ಕೊಂಡ ಬೆಲೆಗೇ ಕೊಟ್ಟುಬಿಡಬೇಕು. ಚೆಲುವು ಕಂಡರೆ ಕಣ್ಣು ಮುಚ್ಚಬೇಕಿಲ್ಲ, ಕೈ ಮುಚ್ಚಿದರೆ ಸಾಕು. ಈ ಕಾಯ್ದೆ ಇರುವುದರಿಂದಲೇ ಅವರು ಇಷ್ಟು ವರ್ಷ ಜಗಳಾಡಿಲ್ಲ. ಜಗಳಾಡುವಷ್ಟು ಹತ್ತಿರವೂ ಬಂದಿಲ್ಲ.

"ಬಾ ಬೇಟಾ, ತೋರ್ಸು," ಅಂದರು ಗೌಸಮೊಹಿದ್ದೀನ, ಕನ್ನಡಕ ಒರೆಸುತ್ತ. "ಅಂದೋಲಾದ ಮಾರಿ ನೋಡಿ ಭಾಳ ದಿನಾತು."

ವಾಮನ ಪಾಕೀಟನ್ನು ಮೇಜಿನ ಮೇಲೆ, ಹಿಂಬದಿ ಮೇಲಾಗಿ ಇಟ್ಟ.

ಕೆಳಗೆ ಅಂಗಡಿಯಲ್ಲಿ ಯಾರೋ ಕೆಮ್ಮಿನ ಔಷಧ ಕೇಳುತ್ತಿದ್ದರು.

"ಇದೇನಿದು?" ಅಂದ ದೇವೀಂದ್ರಪ್ಪ.

"ಹಕ್ಕಿ."

"ಅದು ಕಾಣ್ಲಾಕತ್ತದ ಮಾರಾಯಾ. ಇಲ್ಲಿ ಯಾಕ ಕುಂತದ?"

"ಅಂಟದ."

"ತಾನೇ ಹಾರಿ ಬಂದು ಅಂಟ್ತೇನು?"

ಜಾವೀದ ಭೂತಗನ್ನಡಿ ಹಿಡಿದು ಬಾಗಿದ. "ಯಾ ಅಲ್ಲಾ," ಅಂದ ಮೆಲ್ಲಗೆ. "ಇದು ಎಲ್ಲಿ ಸಿಕ್ತು ನಿಮಗ? ಇದು ಯಾವುದು ಗೊತ್ತದ ಏನ್ರಿ ಸರ್? ಇದು..."

"ಹೇಳಬ್ಯಾಡ."

"ಏನು?"

"ಹೆಸರು ಹೇಳಬ್ಯಾಡ, ಜಾವೀದ. ನನಗ ಗೊತ್ತಾಗೂದು ಬ್ಯಾಡ."

ಜಾವೀದ ಗೌಸಮೊಹಿದ್ದೀನರ ಮುಖ ನೋಡಿದ. ಅವರು ಪಾಕೀಟನ್ನೇ ನೋಡುತ್ತಿದ್ದರು. ಠಸ್ಸೆ ಇದ್ದ ಜಾಗವನ್ನು.

"ಹಕ್ಕಿ ನನ್ನ ಪಾಲು," ಅಂದ ಜಾವೀದ. "ಕಾಯ್ದೆ ಪ್ರಕಾರ ಇದು ನಂದು. ಬಂದೇನವಾಜ ಫೋನ್ ಮಾಡಿದ್ದ ಮುಂಜಾನಿ. ಸರ್ ತರಾಕತ್ತಾರ ಅಂದ. ನಾ ಖುಷೀಲೇ ಕಾಯ್ಕೋತ ಕುಂತೇನಿ."

"ತಂದೇನಲ್ಲ."

"ಹಿಂಗೇನ್ರಿ ತರೂದು?"

"ಒಂದು ತಾಟಿನ್ಯಾಗ ನೀರು ತರಸ್ರಿ," ಅಂದ ದೇವೀಂದ್ರಪ್ಪ, ಕೋರ್ಟಿನ ಕಟ್ಲೆ ಮುಗಿಸುವ ದನಿಯಲ್ಲಿ. "ನೆನಸಿದ್ರ ಬಿಡ್ತದ. ಗೋಂದು ಹೋಗ್ತದ, ಹಕ್ಕಿ ಉಳೀತದ."

"ಠಸ್ಸಿ?" ಗೌಸಮೊಹಿದ್ದೀನ ಮೊದಲ ಸಲ ತಲೆಯೆತ್ತಿದರು. "ಅದು ಬರಿಯೂ ಶಾಯಿ. ನೀರು ಮುಟ್ಟಿದ್ರ ತಾಟು ಜಾಂಭಳಿ ಆಗ್ತದ, ಅಷ್ಟೇ. ಹಸಿ ಸ್ಪಂಜಿನ ಡಬ್ಬ್ಯಾಗ ಇಟ್ರೂ ಅದೇ ಗತಿ."

"ಹಂಗಾರ ಬ್ಲೇಡ್ ಹಾಕಿ ಒಣಾ ಕೆತ್ತೂದು."

"ಹಕ್ಕಿ ಹರೀತದ!" ಅಂದ ಜಾವೀದ.

"ಹರೀಲಿ. ಅಂದೋಲಾ ಉಳೀತದ."

"ನಿಮ್ಮ ಗಾಂಧಿ ಆಗಿದ್ರ ಹರೀಲಿ ಅಂತಿದ್ರೇನ್ರಿ ವಕೀಲ್ರ?"

"ಗಾಂಧಿ ಹಿಂಗ ಯಾರ ಮ್ಯಾಲೂ ಹೋಗಿ ಕೂಡಂಗಿಲ್ಲಪ."

ಹಕ್ಕಿಯ ಮೇಲೆ ಯಾರ ಹಕ್ಕು ಎಂದು ಮಾತು ಬೆಳೆಯಿತು. ನೀರೋ ಬ್ಲೇಡೋ. ಹಕ್ಕಿಯೋ ಊರೋ. ದೇವೀಂದ್ರಪ್ಪ ರಾಜಿ ಮಾಡಿಸಲು ಅರ್ಧ ಹಕ್ಕಿ ನೆನಸಿ ಅರ್ಧ ಕೆತ್ತುವ ಉಪಾಯ ಹೇಳಿದ. ವಾಮನ ಅದನ್ನೆಲ್ಲ ದೂರದಿಂದ ಕೇಳಿದ. ಅಲ್ಲಿ ಅಂಟಿಕೊಂಡದ್ದು ತಾನೇ, ಇವರು ಬಿಡಿಸುತ್ತಿರುವುದು ಯಾರನ್ನೋ ಎಂಬ ಹಾಗೆ. ಗೋಂದಿನಿಂದ ಶುರುವಾದ ಗೊಂದಲದಲ್ಲಿ ಅವನೊಬ್ಬನಿಗೇ ಎಲ್ಲ ನಿಚ್ಚಳವಾಗಿತ್ತು.

ಜಾವೀದನ ಹೆಂಡತಿ ಸಾಯಿರಾ ಚಹಾ ತಂದಳು. ತಟ್ಟೆಯನ್ನು ಮೇಜಿನ ಮೇಲಿಡಲು ಬಾಗಿದ್ದೇ ತಡ, ನಾಲ್ವರೂ ಒಟ್ಟಿಗೆ "ಏಯ್ ಏಯ್!" ಎಂದು ಕೈ ಅಡ್ಡ ಹಿಡಿದರು. ಆಕೆ ಬೆಚ್ಚಿ ನಿಂತಳು. ನಾಲ್ಕು ಗಂಡಸರು ಒಂದು ಖಾಲಿ ಪಾಕೀಟಿಗೆ ಕೋಟೆ ಕಟ್ಟಿ ಕೂತಿದ್ದರು.

"ಅಯ್ಯ, ಎಷ್ಟು ಛಂದ ಅದ," ಅಂದಳು.

"ಚಹಾ ಅಲ್ಲಿ ಕೆಳಗಿಟ್ಟು ಹೋಗು," ಅಂದ ಜಾವೀದ.

ಆಕೆ ಹೋದ ಮೇಲೆ ವಾಮನ ಹೇಳಿದ, "ನೀರೂ ಬ್ಯಾಡ, ಬ್ಲೇಡೂ ಬ್ಯಾಡ. ಹಿಂಗೇ ಇರ್ತದ."

"ಹಿಂಗೇ ಅಂದ್ರ?"

"ಹಿಂಗೇ. ಎರಡೂ ನನ್ನ ಹತ್ರ ಇರ್ತಾವ."

"ಚೌಕಟ್ಟಿನ್ಯಾಗ ಏನಿಡೂದು?" ದೇವೀಂದ್ರಪ್ಪನ ದನಿ ಏರಿತು. "ನಿಜಾಮರ ಕಾಲದ ಠಸ್ಸಿ ಅಂತ ಮ್ಯಾಲ ಬರಿಯೂದು, ಕೆಳಗ ಯಾವುದೋ ದೇಶದ ಗಿಳಿ ತೋರ್ಸೂದು? ಮಂದಿ ನಗ್ತಾರ. ಠಸ್ಸಿನೂ ಕಾಣಲ್ಲ."

"ಇಡ್ರಿ. ನಗಲಿ."

"ಸರ್," ಅಂದ ಜಾವೀದ, ಈಗ ಬೇರೆ ದನಿಯಲ್ಲಿ, "ನಿಮಗ ಇದರ ಗಂಧಾನೇ ಇಲ್ಲ. ನೀವು ಹಕ್ಕಿ ನೋಡೋ ಮಂದಿ ಅಲ್ಲ. ನಿಮಗ ಯಾಕ ಬೇಕಿತ್ರಿ ಇದು?"

ಉತ್ತರ ಕೊಡಲು ವಾಮನ ಬಾಯಿ ತೆರೆದ. ಇತಿಹಾಸ ಹೇಳುವವನ ಬಳಿ ಎಲ್ಲದಕ್ಕೂ ಕಾರಣಗಳಿರುತ್ತವೆ, ಯುದ್ಧಕ್ಕೆ, ಬರಕ್ಕೆ, ಸಾಮ್ರಾಜ್ಯ ಬಿದ್ದದ್ದಕ್ಕೆ. ಇದಕ್ಕೆ ಇರಲಿಲ್ಲ.

"ಬೇಕಿತ್ತು," ಅಂದ.

ಗೌಸಮೊಹಿದ್ದೀನ ಚಹಾದ ಕಪ್ಪನ್ನು ಎತ್ತಿ, ಕುಡಿಯದೆ, ಮತ್ತೆ ಕೆಳಗಿಟ್ಟರು.

"ಈ ಅಂದೋಲಾ ಯಾರಿಗಿ ಸಿಕ್ಕಿತ್ತು, ನೆನಪದ ಏನು ನಿನಗ?"

ವಾಮನ ಪಾಕೀಟಿನ ಕಡೆ ನೋಡಿದ.

"ನನಗ. ಜಿಡಗಾದ ಕಡಿಯವರೊಬ್ಬರು ತಂದಿದ್ರು. ಮುಂದಿನ ಮೈಮ್ಯಾಲ ನಿಜಾಮರ ಚೀಟಿ ಅದ, ನೋಡು. ನನ್ನ ಪಾಲು ಅಂತ ಇಟ್ಕೊಂಡಿದ್ರ ಯಾರೂ ಕೇಳ್ತಿರಲಿಲ್ಲ. ರಾತ್ರಿ ತಲಿದಿಂಬಿನ ಕೆಳಗ ಇಟ್ಕೊಂಡು ಮಲಗಿದ್ದೆ. ಬೆಳಕಾದ ಮ್ಯಾಲ ಆಳಂದದ ಬಸ್ ಹತ್ತಿ ಬಂದು ನಿನ್ನ ಕೈಯಾಗಿಟ್ಟೆ. ಯಾಕಂದ್ರ ಠಸ್ಸಿ ನಿನ್ನ ಪಾಲು."

"ನೆನಪದ್ರಿ ಚಾಚಾ."

"ನನಗೂ ಬೇಕಿತ್ತು, ಬೇಟಾ."

ವಾಮನನಿಗೆ ಅವರ ಕಾಲು ಹಿಡಿಯಬೇಕು ಅನಿಸಿತು. ಅದೇ ಕ್ಷಣಕ್ಕೆ ಅವರನ್ನು ಹಿಡಿದು ಅಲುಗಾಡಿಸಬೇಕು ಅಂತಲೂ ಅನಿಸಿತು. ಇಟ್ಕೋಬೇಕಿತ್ರಿ. ಒಂದು ರಾತ್ರಿ ಅಲ್ಲ, ಇಟ್ಟೇಬಿಡಬೇಕಿತ್ರಿ. ನೀವು ಇಟ್ಟುಕೊಂಡಿದ್ದರೆ ನಾನು ಜಗಳಾಡುತ್ತಿದ್ದೆ, ಮನೆಗೆ ಬಂದು ಒದರುತ್ತಿದ್ದೆ, ನಮ್ಮ ನಡುವೆ ಏನಾದರೂ ಒಂದು ಆಗುತ್ತಿತ್ತು.

ಹೇಳಲಿಲ್ಲ. "ತಪ್ಪಾತ್ರಿ," ಅಂದ. "ಆದ್ರ ಬಿಡಸಂಗಿಲ್ಲ."

"ಹಂಗಾರ ಬಳಗದಾಗ ಇರಾಕ ಆಗಂಗಿಲ್ಲ," ಅಂದ ದೇವೀಂದ್ರಪ್ಪ. ಹೇಳಿದ ಮೇಲೆ ತಾನೇ ಗಾಬರಿಯಾಗಿ ಹಿರಿಯರ ಕಡೆ ನೋಡಿದ.

ಹಿರಿಯರು ಇಲ್ಲ ಅನ್ನಲಿಲ್ಲ. ಕನ್ನಡಕ ತೆಗೆದು, ಮಡಚಿ, ಡಬ್ಬಿಯಲ್ಲಿಟ್ಟರು. ಡಬ್ಬಿ ಟಪ್ಪೆಂದು ಮುಚ್ಚಿತು.

ವಾಮನ ಪಾಕೀಟು ಎತ್ತಿಕೊಂಡ. ಬರಿಗೈಯಲ್ಲಿ. ಮೂವರ ಮುಖವೂ ಅವನ ಬೆರಳು ನೋಡಿ ಕಿವುಚಿತು.

ಮೆಟ್ಟಿಲಿಳಿದು ರಸ್ತೆಗೆ ಬಂದಾಗ ಮೇಲಿನಿಂದ ಜಾವೀದ ಕೂಗಿದ. "ಸರ್! ಹೆಸರರೆ ಕೇಳಿ ಹೋಗ್ರಿ! ಅದು..."

ವಾಮನ ಓಡಲಿಲ್ಲ. ಜಾವೀದನ ದನಿ ಮುಳುಗುವಷ್ಟು ಗಟ್ಟಿಯಾಗಿ, ಕಪಾಟಿನಲ್ಲಿನ ತನ್ನ ಊರುಗಳ ಹೆಸರನ್ನು ಒದರುತ್ತ ನಡೆದ. "ಆಳಂದ! ಮಾದನಹಿಪ್ಪರಗಾ! ಜಿಡಗಾ! ಅಫಜಲಪುರ! ಜೇವರ್ಗಿ! ಅಂದೋಲಾ!"

ಒಬ್ಬ ಆಟೋದವನು ಬ್ರೇಕು ಹಾಕಿದ. "ಎಲ್ಲಿಗಿ ಹೋಗ್ಬೇಕ್ರಿ ಕಾಕಾ? ಒಂದು ಊರು ಹೇಳ್ರಿ."

ಬಾಲ್ಕನಿಯಲ್ಲಿ ಜಾವೀದ ಬಾಯಿ ಆಡಿಸುತ್ತಲೇ ಇದ್ದ. ಹೆಸರು ಕೇಳಿಸಲಿಲ್ಲ. ತಿರುವು ದಾಟಿದ ಮೇಲೆ ವಾಮನ ಬಾಯಿ ಮುಚ್ಚಿದ. ಗಂಟಲು ಉರಿಯುತ್ತಿತ್ತು. ಗೆದ್ದ ಹಾಗೆ ಅನಿಸಿತು. ಗೆದ್ದವರು ಎಲ್ಲಿಗೆ ಹೋಗುತ್ತಾರೆಂದು ಮಾತ್ರ ತಿಳಿಯಲಿಲ್ಲ.

ಬಸ್‌ಸ್ಟ್ಯಾಂಡಿನ ದಾರಿಯ ಸಂದಿಯೊಂದರಲ್ಲಿ ಬೇವಿನ ಮರವಿತ್ತು. ಮರಕ್ಕೆ ತಂತಿ ಬಿಗಿದು ಕಟ್ಟಿದ ಹಳೇ ಅಂಚೆ ಡಬ್ಬಿ. ಮರ ದಪ್ಪವಾಗುತ್ತ ತಂತಿಯನ್ನು ಅರ್ಧ ನುಂಗಿತ್ತು. ಕೆಂಪು ಬಣ್ಣ ಅಲ್ಲಲ್ಲಿ ಉಳಿದಿತ್ತು. ಬಾಯಿ ಮಾತ್ರ ತೆರೆದೇ ಇತ್ತು.

ಫೋನು ಬಂತು. ವಂದನಾ.

"ಮುಗೀತೇನ್ರಿ ಮೀಟಿಂಗ್?"

"ನಂದು ಮುಗೀತು."

"ಬರ್ತೀರಲ್ಲ ಸಂಜಿಗಿ? ನಿಮಗೂ ಅನ್ನಕ್ಕ ಇಡ್ಲೋ ಬ್ಯಾಡೋ?"

"ವಂದನಾ, ನಿನಗ ಹಕ್ಕಿ ಸೇರ್ತಾವೇನು?"

ಆಚೆ ಕುಕ್ಕರು ಒಂದು ಸೀಟಿ ಹೊಡೆಯಿತು.

"ಸಾಕಾಕೇನ್ರಿ? ಮೊದಲೇ ನನಗ ಕೆಲಸ ಭಾಳ ಅದ."

"ಸಾಕಾಕಲ್ಲ."

"ಮತ್ತ?"

"ಏನಿಲ್ಲ. ಒಂದು ಕಳಸ್ತೇನಿ."

"ಬಿಸಲಾಗ ಭಾಳ ತಿರಗಬ್ಯಾಡ್ರಿ," ಅಂದಳು ವಂದನಾ. ಬಿಸಿಲೇ ಇರಲಿಲ್ಲ. ಫೋನು ಕಟ್ಟಾಯಿತು.

ವಾಮನ ಅಂಗಿಯ ಕಿಸೆಯಿಂದ ಪೆನ್ನು ತೆಗೆದ. ಪರೀಕ್ಷೆಯ ಪೇಪರು ತಿದ್ದುವ ಕೆಂಪು ಪೆನ್ನು. ಪಾಕೀಟನ್ನು ಮುಂಬದಿಗೆ ತಿರುಗಿಸಿದ. ಅಜ್ಜಂದಿರ ಕಾಲದ ಯಾರದೋ ಹೆಸರು, ಅಂದೋಲಾ. ಪಕ್ಕದಲ್ಲಿ ನಿಜಾಮರ ಚೀಟಿ, ಅದರ ಮೇಲೆ ಕಳಿಸಿದ ಊರಿನ ಕಪ್ಪು ಠಸ್ಸೆ. ಕೆಳಗೆ ಜಾಗವಿತ್ತು. ಮರದ ಬೊಡ್ಡೆಗೆ ಒತ್ತಿ ಹಿಡಿದು ಬರೆದ: ವಂದನಾ, ಆಳಂದ.

ಹಳೇ ಕಾಗದ ಕೆಂಪು ಶಾಯಿಯನ್ನು ಬಾಯಾರಿದ ಹಾಗೆ ಹೀರಿಕೊಂಡಿತು.

ಒಳಗೆ ಏನಾದರೂ ಹಾಕಬೇಕು. ಪಾಕೀಟಿನ ಬಾಯಿಗೆ ಬೆರಳಿಟ್ಟು ನೋಡಿದ. ಖಾಲಿ. ಕಿಸೆಯಲ್ಲಿ ಬಸ್ಸಿನ ಟಿಕೇಟಿತ್ತು, ಅದರ ಹಿಂದೆ ಬರೆಯಬಹುದಿತ್ತು. ಪೆನ್ನು ಹಿಡಿದು ಬಹಳ ಹೊತ್ತು ನಿಂತ. 'ವಂದನಾ' ಎಂಬುದಾದ ಮೇಲೆ ಮುಂದಿನ ಶಬ್ದ ಯಾವುದೆಂದು ಹೊಳೆಯಲಿಲ್ಲ. ಟಿಕೇಟನ್ನು ಮತ್ತೆ ಕಿಸೆಗೆ ಹಾಕಿದ.

ಈ ಪಾಕೀಟು ಒಮ್ಮೆ ತಲುಪಿ ಆಗಿದೆ. ಇದರ ಮೇಲಿನ ಒಂದು ಚೀಟಿ ರದ್ದಾಗಿದೆ, ಇನ್ನೊಂದು ಈ ದೇಶದಲ್ಲಿ ನಡೆಯುವುದಿಲ್ಲ. ಯಾವ ಕಾಯ್ದೆಯಲ್ಲೂ ಇದು ಎಲ್ಲಿಗೂ ಹೋಗಲಾರದು. ಮೂರು ತಾಲೂಕಿನಲ್ಲಿ ಇದನ್ನು ಅವನಷ್ಟು ಚೆನ್ನಾಗಿ ಬಲ್ಲವರು ಇರಲಿಲ್ಲ.

ಡಬ್ಬಿಯ ಬಾಯಿಗೆ ಹಾಕಿದ.

ಟಪ್ ಎಂದಿತು. ಸದ್ದು ಡಬ್ಬಿಯೊಳಗಿನಿಂದ ಬರಲಿಲ್ಲ, ಕಾಲ ಬಳಿಯಿಂದ ಬಂತು. ನೋಡಿದ. ಅಂದೋಲಾದ ಪಾಕೀಟು ಬೇವಿನ ಒಣ ಎಲೆಗಳ ಮೇಲೆ ಬಿದ್ದಿತ್ತು. ಬಾಗಿ ಕೆಳಗಿನಿಂದ ಇಣುಕಿದ. ಡಬ್ಬಿಗೆ ತಳವಿರಲಿಲ್ಲ. ತುಕ್ಕು ತಿಂದು ಹೋಗಿತ್ತು. ಕೊಳವೆಯೊಳಗಿನಿಂದ ನೋಡಿದ ಹಾಗೆ, ಮೇಲಿನ ಬಾಯಿಯಲ್ಲಿ ಒಂದು ಗೆರೆ ಆಕಾಶ ಕಂಡಿತು.

ಹಕ್ಕಿ ಮೇಲ್ಮುಖವಾಗಿ ಬಿದ್ದಿತ್ತು. ಒಂದೇ ಕಣ್ಣು. ಗೋಂದಿನ ವಾಸನೆಗೆ ಆಗಲೇ ಒಂದು ಇರುವೆ ಬಾಲದ ಅಂಚಿಗೆ ಬಂದಿತ್ತು.

ಇರುವೆಯನ್ನು ಊದಿ, ಮತ್ತೆ ಹಾಕಿದ. ಮತ್ತೆ ಟಪ್.

ಸಂದಿಯ ಬಾಗಿಲೊಂದರಲ್ಲಿ ಜೋಳ ಹಸನು ಮಾಡುತ್ತಿದ್ದ ಮುದುಕಿ ಮೊರವನ್ನು ಹಿಡಿದು ಕೂಗಿದಳು. "ಯಪ್ಪಾ, ಅದಕ್ಕ ಬುಡ ಇಲ್ಲೋ! ಯಾರೂ ಬಂದು ತೆಗಿಯಂಗಿಲ್ಲ ಅದನ್ನ."

"ಗೊತ್ತದಬೇ," ಅಂದ ವಾಮನ.

"ಗೊತ್ತಿದ್ದೂ ಹಾಕ್ತಿ?"

"ಹಾಕ್ತೇನಿ."

ಬಸ್‌ಸ್ಟ್ಯಾಂಡಿನ ಕಡೆಯಿಂದ ಕಲಬುರಗಿ ಬಸ್ಸಿನ ಕಂಡಕ್ಟರು ಊರಿನ ಹೆಸರು ಕೂಗುವುದು ಕೇಳುತ್ತಿತ್ತು. ವಾಮನ ಪಾಕೀಟು ಎತ್ತಿಕೊಂಡು, ಈ ಸಲ ಎಡಗೈಯನ್ನು ಡಬ್ಬಿಯ ಅಡಿಗೆ ಬೊಗಸೆಯ ಹಾಗೆ ಹಿಡಿದ. ಬಲಗೈಯಿಂದ ಹಾಕಿದ. ಅದು ಕತ್ತಲಲ್ಲಿ ಒಂದು ಗಳಿಗೆ ಸರಸರ ಅಂದು, ಅವನ ಎಡಗೈಗೆ ತಲುಪಿತು.

ಹಕ್ಕಿ ನೋಡಿತು. ಎಡಗೈಯಿಂದ ಬಲಗೈಗೆ ತೆಗೆದುಕೊಂಡು, ಮತ್ತೆ ಹಾಕಿದ.